ಕುಡಿತ ಬಿಟ್ಟವರು ಎಲ್ಲಿ ಸೇರುತ್ತಾರೆ ಅಂತ ಒಂದು ಬೋರ್ಡ್ ಹಾಕಿಸಿ: ಮಂಡ್ಯ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಮಂಡ್ಯದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಮತ್ತು ಜಿಲ್ಲೆಯ ಎಲ್ಲ ಗ್ರಾಮ ಪಂಚಾಯ್ತಿ ಸದಸ್ಯರಿಗೆ,

ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಪೊಲೀಸ್ ಠಾಣೆ, ಪಂಚಾಯ್ತಿ ಆಫೀಸಿನಲ್ಲಿ ಒಂದು ಬೋರ್ಡ್ ಬೇಕು. ಕುಡಿತ ಬಿಟ್ಟವರು, ಬಿಡಬೇಕು ಅಂತಿರುವವರು ಹತ್ತಿರದಲ್ಲಿ ಎಲ್ಲಿ ಸೇರುತ್ತಾರೆ, ಯಾವ ವಾರ, ಎಷ್ಟು ಗಂಟೆಗೆ, ಯಾವ ನಂಬರಿಗೆ ಫೋನ್ ಮಾಡಬೇಕು. ಇಷ್ಟೇ ಅದರಲ್ಲಿ ಇರಲಿ. ಹೊಸ ಕಟ್ಟಡ ಬೇಡ, ಹೊಸ ಯೋಜನೆ ಬೇಡ. ಈಗಾಗಲೇ ಇರುವುದು ಎಲ್ಲಿದೆ ಅಂತ ಜನರಿಗೆ ಗೊತ್ತಾದರೆ ಸಾಕು.

ನಾನು ಮದ್ದೂರು ತಾಲ್ಲೂಕಿನವಳು. ನನ್ನ ತಮ್ಮ ಗೂಡ್ಸ್ ಆಟೋ ಓಡಿಸುತ್ತಾನೆ. ಆಲೆಮನೆಗಳಿಂದ ಮಂಡ್ಯ ಮಾರ್ಕೆಟ್ಟಿಗೆ ಬೆಲ್ಲ ಸಾಗಿಸುವುದು ಅವನ ಕೆಲಸ. ಒಳ್ಳೆ ಕೆಲಸಗಾರ. ಹಲವು ವರ್ಷ ಕುಡಿದ. ಈಗ ಕುಡಿಯುತ್ತಿಲ್ಲ. ಅವನ ಒಪ್ಪಿಗೆ ಪಡೆದೇ ಈ ಪತ್ರ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಅದು ಅವನ ಸ್ವಂತ ವಿಷಯ.

ಆಸ್ಪತ್ರೆಯ ದಿನಗಳಿಂದ ಶುರು ಮಾಡುತ್ತೇನೆ, ಯಾಕೆಂದರೆ ನನ್ನ ದೂರು ಇರುವುದೇ ಅಲ್ಲಿ. ಅವನನ್ನು ಸೇರಿಸಿದಾಗ ಡಾಕ್ಟರು, ನರ್ಸುಗಳು ಚೆನ್ನಾಗಿ ನೋಡಿಕೊಂಡರು. ಕೈ ನಡುಕ ನಿಲ್ಲಿಸಲು ಮಾತ್ರೆ ಕೊಟ್ಟರು, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು. ಜೀವ ಉಳಿಸಿದರು ಅಂತಲೇ ಹೇಳಬೇಕು. ಡಿಸ್ಚಾರ್ಜ್ ದಿನ ಕೈಗೆ ಒಂದು ಚೀಟಿ ಬಂತು. ಮಾತ್ರೆಗಳ ಹೆಸರು, ಮತ್ತೆ ತೋರಿಸಬೇಕಾದ ತಾರೀಖು, ಕೆಳಗೆ 'ಕುಡಿಯಬಾರದು' ಅಂತ ಒಂದು ಸಾಲು. ಮತ್ತೆ ತೋರಿಸುವ ತಾರೀಖಿಗೆ ಇನ್ನೂ ಮೂರು ವಾರ ಇತ್ತು. ಆ ಮೂರು ವಾರ ಸಂಜೆ ಏಳು ಗಂಟೆಗೆ ಅವನು ಎಲ್ಲಿಗೆ ಹೋಗಬೇಕು ಅಂತ ಆ ಚೀಟಿಯಲ್ಲಿ ಇರಲಿಲ್ಲ.

ಕುಡಿಯುವವರ ಮನೆಯವರಿಗೆ ಮಾತ್ರ ಈ ಏಳು ಗಂಟೆ ಏನು ಅಂತ ಗೊತ್ತು. ಹಗಲೆಲ್ಲ ಕೆಲಸ ಇರುತ್ತದೆ, ಹೇಗೋ ಕಳೆಯುತ್ತದೆ. ಕತ್ತಲಾಗುವ ಹೊತ್ತಿಗೆ ಬಾಡಿಗೆ ದುಡ್ಡು ಜೇಬಿಗೆ ಬಂದಿರುತ್ತದೆ. ಜೊತೆಯವರು ಕರೆಯುತ್ತಾರೆ. ವೈನ್ ಸ್ಟೋರಿನ ಲೈಟು ಮೇನ್ ರೋಡಿನಲ್ಲೇ ಉರಿಯುತ್ತಿರುತ್ತದೆ. ಕುಡಿಯದೆ ಇರುವವನಿಗೆ ಆ ಹೊತ್ತಿನಲ್ಲಿ ಹೋಗಿ ಕೂರುವುದಕ್ಕೆ ಒಂದು ಜಾಗ ಬೇಕು. ಅವನ ಮೈಯೊಳಗೆ ಏನಾಗುತ್ತಿದೆ ಅಂತ ವಿವರಿಸದೆಯೂ ಅರ್ಥ ಮಾಡಿಕೊಳ್ಳುವ ಜನ ಬೇಕು. ನಾವು ಮನೆಯವರು ಎಷ್ಟು ಪ್ರೀತಿ ಮಾಡಿದರೂ ಆ ಜನ ಆಗುವುದಕ್ಕೆ ಆಗಲ್ಲ. ನಾವು ಅಳುತ್ತೇವೆ, ಬೈಯುತ್ತೇವೆ, ಜೇಬು ತಡಕುತ್ತೇವೆ.

ನಮಗೆ ಸಿಕ್ಕ ಸಲಹೆಗಳನ್ನೂ ಹೇಳಬೇಕು. ಸರಿಯಾದ ವಿಳಾಸ ಸಿಗದ ಕಡೆ ಏನೇನು ಬಂದು ಸೇರುತ್ತದೆ ಅಂತ ನಿಮಗೂ ಗೊತ್ತಾಗಲಿ. ಒಬ್ಬರು ಹರಕೆ ಕಟ್ಟಿಕೊಳ್ಳಿ ಅಂದರು. ಅವನಿಗೆ ಮದುವೆ ಆಗುವ ಮುಂಚೆ ಒಬ್ಬರು ಮದುವೆ ಮಾಡಿ, ಸರಿಹೋಗ್ತಾನೆ ಅಂದಿದ್ದರು. ಆ ಒಂದು ಸಲಹೆಯಿಂದ ನಮ್ಮ ಕಡೆ ಎಷ್ಟು ಹೆಣ್ಣುಮಕ್ಕಳ ಬಾಳು ಹಾಳಾಗಿದೆ ಅನ್ನುವುದು ಪ್ರತಿ ಬೀದಿಗೂ ಗೊತ್ತು. ಇನ್ನೊಬ್ಬರು ನಮ್ಮಮ್ಮನ ಕೈಗೆ ಒಂದು ಪುಡಿ ಕೊಟ್ಟರು. ಅವನಿಗೆ ಗೊತ್ತಾಗದ ಹಾಗೆ ಸಾರಿಗೆ ಹಾಕಿ, ಕುಡಿತ ತಾನಾಗೇ ಬಿಟ್ಟುಹೋಗುತ್ತೆ ಅಂದರು. ಪೊಟ್ಟಣದ ಮೇಲೆ ಒಳಗೇನಿದೆ ಅಂತ ಬರೆದಿರಲಿಲ್ಲ. ಅಮ್ಮ ಅದನ್ನು ಹಾಕದೆ ನರ್ಸಮ್ಮನಿಗೆ ತೋರಿಸಿದ್ದು ನಮ್ಮ ಪುಣ್ಯ.

ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಓದುವವರಲ್ಲಿ ಯಾರಾದರೂ ಇಂಥ ಪುಡಿ ಇಟ್ಟುಕೊಂಡಿರಬಹುದು. ಡೈಸಲ್ಫಿರಾಮ್ ಅಂತ ಒಂದು ಔಷಧಿ ಇದೆ, ಇಂಥ ಪುಡಿಯಲ್ಲಿ ಅದು ಬೆರೆತಿರಲೂಬಹುದು. ಡಾಕ್ಟರು ಕೊಡುವ ನಿಜವಾದ ಔಷಧಿ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗುತ್ತದೆ, ವಾಂತಿ ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಇಳಿದುಹೋಗುತ್ತದೆ. ಜೀವಕ್ಕೇ ಅಪಾಯ ಆಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಪರಿಣಾಮ ಇರಬಹುದು. ಆದ್ದರಿಂದ ಅದನ್ನು ಕುಡಿಯುವವರಿಗೆ ತಿಳಿಸಿ, ಅವರು ಒಪ್ಪಿದ ಮೇಲೆ, ಡಾಕ್ಟರ ಉಸ್ತುವಾರಿಯಲ್ಲೇ ಕೊಡಬೇಕು. ಕದ್ದು ಅನ್ನಕ್ಕೆ ಬೆರೆಸುವುದು ವಿಷ ಹಾಕಿದ ಹಾಗೆ.

ಹಾಗೇ, ದಿನಾ ಜಾಸ್ತಿ ಕುಡಿಯುವವರನ್ನು ರೂಮಿಗೆ ಕೂಡಿ ಹಾಕಿ ಒಂದೇ ದಿನಕ್ಕೆ ಬಿಡಿಸಲು ಹೋಗಬೇಡಿ. ಕೊನೆಯ ಸಲ ಕುಡಿದ ಮೇಲೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಬುದ್ಧಿಭ್ರಮೆ ಆಗುತ್ತದೆ. ಇಲ್ಲದ ಹುಳು ಕಾಣುತ್ತದೆ, ಯಾರೋ ಕರೆದಂತೆ ಕೇಳುತ್ತದೆ, ಮೈ ಬೆವರಿ ಜ್ವರ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಗಾಳಿ ಸೋಕಿದೆ ಅಂತಾರೆ, ಮಂತ್ರ ಹಾಕಿಸಲು ಕರೆದುಕೊಂಡು ಹೋಗುತ್ತಾರೆ. ಅದು ಗಾಳಿಯಲ್ಲ. ಆಸ್ಪತ್ರೆಗೆ ಓಡಬೇಕಾದ ಹೊತ್ತು ಅದು. ಮೊದಲು ಡಾಕ್ಟರು, ಆಮೇಲೆ ಗುಂಪು. ಎರಡೂ ಬೇಕು.

ನಮಗೆ ಗುಂಪು ಸಿಕ್ಕಿದ್ದು ಆಸ್ಪತ್ರೆಯಿಂದಲ್ಲ. ಪಕ್ಕದ ಊರಿನ ಒಬ್ಬರಿಂದ. ಒಂದು ಕಾಲದಲ್ಲಿ ತಮ್ಮನ ಜೊತೆ ಕೂತು ಕುಡಿಯುತ್ತಿದ್ದವರೇ ಅವರು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಗುರುತೇ ಸಿಗಲಿಲ್ಲ, ಮುಖದಲ್ಲಿ ಅಷ್ಟು ಕಳೆ ಬಂದಿತ್ತು. ಅವರೇ ಹತ್ತಿರ ಬಂದು ಕೇಳಿದರು. "ಹುಡುಗ ಹೆಂಗವ್ನೆ ಅಕ್ಕಾ? ನಾನು ಮೈಸೂರಿಗೆ ಮೀಟಿಂಗಿಗೆ ಹೋಗ್ತೀನಿ ಕಣಕ್ಕ. ಅವನಿಗೂ ಹೇಳು. ಬಲವಂತ ಮಾಡ್ಬೇಡ. ಬರೋ ಮನಸಿದ್ರೆ ನಾನೇ ಕರ್ಕೊಂಡ್ ಹೋಗ್ತೀನಿ." ಅಂದು ನಾನು ಬೇರೆ ಬಸ್ಸಿಗೆ ಹೋಗಿದ್ದರೆ ನಮಗೆ ಈ ವಿಷಯ ಗೊತ್ತೇ ಆಗುತ್ತಿರಲಿಲ್ಲ. ಒಬ್ಬ ಮನುಷ್ಯನ ಜೀವ ಅಕ್ಕ ಯಾವ ಬಸ್ಸಿಗೆ ಕಾಯುತ್ತಾಳೆ ಅನ್ನುವುದರ ಮೇಲೆ ನಿಲ್ಲಬಾರದು, ಸ್ವಾಮಿ.

ಅದು ಆಲ್ಕೋಹಾಲಿಕ್ಸ್ ಅನಾನಿಮಸ್ ಗುಂಪು. ಎಲ್ಲರೂ ಎಎ ಅಂತಲೇ ಕರೆಯುತ್ತಾರೆ. ಇದರಲ್ಲಿ ಎರಡು ಥರದ ಮೀಟಿಂಗ್ ಇದೆ. ಕುಡಿತದ ತೊಂದರೆ ಇರುವವರು ಮಾತ್ರ ಸೇರುವುದು ಒಂದು. ಮನೆಯವರು, ಡಾಕ್ಟರು, ಯಾರು ಬೇಕಾದರೂ ಬರಬಹುದಾದ ಓಪನ್ ಮೀಟಿಂಗ್ ಇನ್ನೊಂದು. ನಾನು ಹೋಗಿ ಕೂತಿದ್ದು ಓಪನ್ ಮೀಟಿಂಗಿಗೆ. ಒಂದಷ್ಟು ಕುರ್ಚಿ, ಟೀ, ಬಿಸ್ಕತ್ತು. ಒಬ್ಬೊಬ್ಬರೇ ಎದ್ದು ಬರೀ ಹೆಸರು ಹೇಳಿ, ನಾನು ಆಲ್ಕೋಹಾಲಿಕ್ ಅಂತ ಹೇಳಿ, ತಮ್ಮ ಕಥೆ ಹೇಳುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ. ಬುದ್ಧಿ ಹೇಳುವುದಿಲ್ಲ. ಬ್ಯಾಂಕಿನ ಕೆಲಸದವರು, ಗಾರೆ ಕೆಲಸದವರು, ಒಬ್ಬ ಮೇಷ್ಟ್ರು, ಎಲ್ಲ ಒಂದೇ ಸಾಲಿನಲ್ಲಿ ಕೂತಿದ್ದರು. ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ. ಹೊಸಬರಿಗೆ ಅವರು ಹೇಳಿದ್ದು ಇಷ್ಟೇ: ಜೀವನಪೂರ್ತಿ ಬಿಡ್ತೀನಿ ಅಂತ ಆಣೆ ಇಡಬೇಡ. ಇವತ್ತು ಒಂದು ದಿನ ಕುಡಿಯಬೇಡ. ನಾಳೆದು ನಾಳೆ ನೋಡೋಣ.

ನಮ್ಮ ತಮ್ಮ ಧರ್ಮಸ್ಥಳದ ಮೇಲೆ, ಅಮ್ಮನ ತಲೆ ಮೇಲೆ, ಮಗುವಿನ ಮೇಲೆ ಆಣೆ ಇಟ್ಟಿದ್ದವನು. ಪ್ರತಿ ಆಣೆ ಮುರಿದಾಗಲೂ ನಾಚಿಕೆ ಆಗಿ ಇನ್ನೂ ಜಾಸ್ತಿ ಕುಡಿದವನು. ಆಣೆ ಬೇಡ ಅಂದ ಮೊದಲ ಜಾಗ ಅದು. ಬರುವಾಗ ಒಬ್ಬರು ಅವನ ಫೋನಿಗೆ ತಮ್ಮ ನಂಬರ್ ಹಾಕಿಕೊಟ್ಟರು. ಕುಡಿಯಬೇಕು ಅನ್ನಿಸಿದರೆ ಕುಡಿಯುವ ಮೊದಲು ಫೋನ್ ಮಾಡು, ಕುಡಿದ ಮೇಲೆ ಅಲ್ಲ ಅಂದರು. ಅವನು ಮಾಡಿದ್ದಾನೆ. ರಾತ್ರಿ ಹೊತ್ತು, ಹಿತ್ತಲಿನಲ್ಲಿ ನಿಂತು ಮಾಡಿದ್ದನ್ನು ನಾನು ನೋಡಿದ್ದೇನೆ.

ಈ ಗುಂಪು ಹುಟ್ಟಿದ್ದು ಹೇಗೆ ಅಂತ ಆಮೇಲೆ ತಿಳಿದುಕೊಂಡೆ. 1935ರಲ್ಲಿ ಬಿಲ್ ಅನ್ನುವ ಒಬ್ಬ ಷೇರು ದಲ್ಲಾಳಿ ಅಮೆರಿಕದ ಆಕ್ರನ್ ಅನ್ನುವ ಊರಿಗೆ ವ್ಯವಹಾರಕ್ಕೆ ಹೋಗಿದ್ದರು. ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ವ್ಯವಹಾರ ಕೈಕೊಟ್ಟಿತು. ಹೋಟೆಲಿನ ಒಂದು ಕಡೆ ಬಾರ್ ಇತ್ತು, ಒಳಗಿನಿಂದ ನಗು ಕೇಳುತ್ತಿತ್ತು. ಇನ್ನೊಂದು ಕಡೆ ಆ ಊರಿನ ಚರ್ಚುಗಳ ಪಟ್ಟಿ ಇತ್ತು, ಪಕ್ಕದಲ್ಲೇ ಫೋನ್. ಅವರು ಫೋನಿನ ಕಡೆ ಹೋದರು. ಪಟ್ಟಿ ನೋಡಿ ಒಬ್ಬ ಪಾದ್ರಿಗೆ ಫೋನ್ ಮಾಡಿ, ನನ್ನ ಹಾಗೇ ಕುಡಿತದಿಂದ ಕಷ್ಟಪಡುವ ಇನ್ನೊಬ್ಬರ ಜೊತೆ ಮಾತಾಡಬೇಕು ಅಂದರು. ಹಾಗೆ ಸಿಕ್ಕವರೇ ಡಾಕ್ಟರ್ ಬಾಬ್, ಅದೇ ಊರಿನ ಸರ್ಜನ್. ಇಬ್ಬರೂ ಮಾತಾಡಿದರು. ಅದೇ ವರ್ಷ ಜೂನ್ 10ರಂದು ಡಾಕ್ಟರ್ ಬಾಬ್ ಕುಡಿದಿದ್ದೇ ಕೊನೆ. ಆ ದಿನವನ್ನೇ ಎಎ ಹುಟ್ಟಿದ ದಿನ ಅಂತ ಲೆಕ್ಕ ಹಿಡಿಯುತ್ತಾರೆ. 1957ರ ಹೊತ್ತಿಗೆ ಅದು ನಮ್ಮ ದೇಶಕ್ಕೂ ಬಂತು.

ಆ ಹೋಟೆಲಿನಲ್ಲಿ ಅವತ್ತು ಆ ಪಟ್ಟಿ ಇಲ್ಲದಿದ್ದರೆ? ನಾನು ನಿಮ್ಮನ್ನು ಕೇಳುತ್ತಿರುವುದು ಅಂಥದ್ದೊಂದು ಪಟ್ಟಿಯನ್ನು.

ಎಎ ಗುಂಪಿನವರೇ ಪ್ರಚಾರ ಮಾಡಿಕೊಳ್ಳಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ಅವರು ಹಾಗೆ ಮಾಡುವುದಿಲ್ಲ, ಅದಕ್ಕೆ ಕಾರಣ ಇದೆ. ಕುಡಿತದಿಂದ ಹೊರಬರಲು ಅವರಿಗೆ ಹನ್ನೆರಡು ಹೆಜ್ಜೆಗಳಿರುವ ಹಾಗೆ, ಗುಂಪು ನಡೆಸಲು ಹನ್ನೆರಡು ಸಂಪ್ರದಾಯಗಳೂ ಇವೆ. ಜನರನ್ನು ಜಾಹೀರಾತು ಮಾಡಿ ಸೆಳೆಯಬಾರದು, ಪತ್ರಿಕೆಗಳಲ್ಲಿ ಸದಸ್ಯರ ಹೆಸರು ಫೋಟೋ ಬರಬಾರದು ಅನ್ನುವುದು ಅದರಲ್ಲೊಂದು. ಹೊರಗಿನವರಿಂದ ದುಡ್ಡು ತೆಗೆದುಕೊಳ್ಳಬಾರದು ಅನ್ನುವುದು ಇನ್ನೊಂದು. ಫೀಸ್ ಇಲ್ಲ, ಚಂದಾ ಇಲ್ಲ. ಮೀಟಿಂಗಿನಲ್ಲಿ ಒಂದು ಡಬ್ಬಿ ಸುತ್ತಿ ಬರುತ್ತದೆ, ಸದಸ್ಯರು ಕೈಲಾದ್ದು ಹಾಕುತ್ತಾರೆ. ಅದರಲ್ಲೇ ರೂಮಿನ ಬಾಡಿಗೆ, ಟೀ ಖರ್ಚು. ಯಾವ ಪಕ್ಷ, ಯಾವ ಧರ್ಮ, ಯಾವ ಚಳವಳಿಯ ಜೊತೆಗೂ ಸೇರುವುದಿಲ್ಲ. ಮದ್ಯ ನಿಷೇಧ ಬೇಕು ಅಂತಾಗಲಿ ಬೇಡ ಅಂತಾಗಲಿ ಹೇಳುವುದಿಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಒಂದಿದ್ದರೆ ಯಾರು ಬೇಕಾದರೂ ಸದಸ್ಯರು.

ಹೀಗೆ ಸದ್ದಿಲ್ಲದೆ ಇರುವುದರಿಂದಲೇ ಜನ ಅಲ್ಲಿ ಬಾಯಿ ಬಿಡುತ್ತಾರೆ. ಹೀಗೆ ಸದ್ದಿಲ್ಲದೆ ಇರುವುದರಿಂದಲೇ ನಮ್ಮಂಥವರಿಗೆ ಅದು ಸಿಗುವುದಿಲ್ಲ. ಆ ದಾರಿ ತೋರಿಸುವ ಕೆಲಸ ಕುಡಿಯುವವನನ್ನು ಮೊದಲು ನೋಡುವವರದು. ಆಸ್ಪತ್ರೆಯವರು, ಪೊಲೀಸರು, ಆಶಾ ಕಾರ್ಯಕರ್ತೆಯರು, ಪಂಚಾಯ್ತಿಯವರು. ಅಂದರೆ ನೀವು.

ಎಎ ಒಂದೇ ದಾರಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳಿವೆ. ಅದರಿಂದ ಬಿಟ್ಟವರನ್ನೂ ನಾನು ಬಲ್ಲೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಇದೆ. 14446 ಅನ್ನುವ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ ಇದೆ. 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಎಎ ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ. 'ನಾವು ಅರಿತ ರೀತಿಯ ದೇವರು' ಅಂತ ಅವರು ಬಿಡಿಸಿ ಹೇಳಿದರೂ ಕೆಲವರಿಗೆ ಅದು ಒಗ್ಗುವುದಿಲ್ಲ. ಅಂಥವರಿಗೆ ಬೇರೆ ದಾರಿ ಇರಲಿ. ಬೋರ್ಡಿನಲ್ಲಿ ಇವೆಲ್ಲವೂ ಇರಲಿ.

ಆದರೆ ಗುಂಪನ್ನು ಸುಮ್ನೆ ಮಾತಾಡಿಕೊಂಡು ಹೋಗುವ ಜಾಗ ಅಂತ ತಳ್ಳಿಹಾಕಬೇಡಿ. 2020ರಲ್ಲಿ ಕಾಕ್ರೇನ್ ಅನ್ನುವ, ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಸಂಸ್ಥೆಯವರು 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹತ್ತು ಸಾವಿರಕ್ಕೂ ಜಾಸ್ತಿ ಜನರ ವಿವರ ಅದರಲ್ಲಿತ್ತು. ರೋಗಿಯನ್ನು ಎಎ ಗುಂಪಿನ ಜೊತೆ ಸರಿಯಾಗಿ ಕೂಡಿಸುವ ಚಿಕಿತ್ಸೆ, ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ ಬೇರೆ ಆಪ್ತಸಮಾಲೋಚನೆಗಳಿಗಿಂತ ಮುಂದಿತ್ತು. ಅಲ್ಲಿ 'ಕೂಡಿಸುವ' ಅನ್ನುವುದು ಮುಖ್ಯ. ಹೋಗು ಅಂತ ಹೇಳುವುದಲ್ಲ, ತಲುಪಿಸುವುದು.

ನಮ್ಮ ದೇಶದ ಸ್ಥಿತಿ ನೋಡಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಆಸ್ಪತ್ರೆಯವರು ಮಾಡಿದ ಸಮೀಕ್ಷೆ 2019ರಲ್ಲಿ ಬಂತು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ ಅಂತ ಅದರಲ್ಲಿದೆ. ಉಳಿದ 37 ಜನರ ಮನೆಗಳಲ್ಲಿ ನಡೆಯುವುದು ನಮಗೆ ಗೊತ್ತು. ನಮ್ಮ ರಾಜ್ಯದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋಯಿತು, ಕುಡಿತ ಹೋಗಲಿಲ್ಲ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಬರಬೇಕಾದ ದುಡ್ಡಿಗೆ 40,000 ಕೋಟಿ ರೂಪಾಯಿ ಗುರಿ ಇಟ್ಟರು. ಆ ದುಡ್ಡಿನಲ್ಲಿ ನನ್ನ ತಮ್ಮನ ಬೆವರೂ ಇದೆ. ಅದರಿಂದ ಒಂದು ಬೋರ್ಡಿನ ಖರ್ಚು ಕೇಳುವ ಹಕ್ಕು ನಮಗಿದೆ ಅಂತ ನಾನು ನಂಬಿದ್ದೇನೆ. ಕಾನೂನೂ ನಮ್ಮ ಕಡೆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತದಿಂದ ಬರುವ ಮನಸ್ಸಿನ ತೊಂದರೆಗಳನ್ನೂ ಕಾಯಿಲೆಯ ಲೆಕ್ಕಕ್ಕೆ ಸೇರಿಸಿದೆ. ಸರ್ಕಾರಿ ಆರೈಕೆ ಪಡೆಯುವುದು ಹಕ್ಕು ಅಂತ ಹೇಳಿದೆ.

ಇನ್ನು ಬೋರ್ಡಿನ ವಿಷಯ. ಒಂದು ಸಲ ಬರೆಸಿ ಬಿಟ್ಟರೆ ಸಾಲದು. ಗುಂಪುಗಳು ಜಾಗ ಬದಲಿಸುತ್ತವೆ, ವಾರ ಬದಲಿಸುತ್ತವೆ. ಮೊದಲ ಸಲ ಧೈರ್ಯ ಮಾಡಿ ಹೋದವನಿಗೆ ಬೀಗ ಹಾಕಿದ ಬಾಗಿಲು ಕಂಡರೆ ಅವನು ಇನ್ನೊಂದು ಸಲ ಹೋಗುವುದಿಲ್ಲ. ಹೋಗುವ ದಾರಿಯಲ್ಲೇ ಬಾರ್ ಇರುತ್ತದೆ. ಆದ್ದರಿಂದ ಮೂರು ತಿಂಗಳಿಗೊಮ್ಮೆ ಯಾರಾದರೂ ಪ್ರತಿ ನಂಬರಿಗೂ ಫೋನ್ ಮಾಡಿ ಕೇಳಬೇಕು. ಹೆಸರು ಹಾಕುವ ಮೊದಲು ಆ ಗುಂಪಿನವರ ಒಪ್ಪಿಗೆ ಕೇಳಬೇಕು. ಡಿಸ್ಚಾರ್ಜ್ ಚೀಟಿಯ ಹಿಂದೆ ಇದೇ ವಿವರದ ಒಂದು ಮೊಹರು ಬೀಳಲಿ. ಸಾಧ್ಯವಾದರೆ ಡಿಸ್ಚಾರ್ಜ್ ಮಾಡುವ ಮೊದಲೇ ಗುಂಪಿನವರೊಬ್ಬರು ವಾರ್ಡಿಗೆ ಬಂದು ಮಾತಾಡಲಿ. ಕರೆದರೆ ಅವರು ಬರುತ್ತಾರೆ, ಅದು ಅವರ ಪದ್ಧತಿಯಲ್ಲೇ ಇದೆ. ವೈನ್ ಸ್ಟೋರುಗಳಲ್ಲಿ ದರದ ಪಟ್ಟಿಯ ಪಕ್ಕ 14446 ದೊಡ್ಡದಾಗಿ ಬರೆಸಿ.

ಜಾಗ ಕೊಡಿ. ಎಲ್ಲರೂ ಮೈಸೂರಿಗೆ ಹೋಗಲಾಗುವುದಿಲ್ಲ. ನಾಗಮಂಗಲದ, ಕೆ.ಆರ್. ಪೇಟೆಯ ಹಳ್ಳಿಯವನು ಸಂಜೆ ಮೀಟಿಂಗ್ ಮುಗಿಸಿ ಯಾವ ಬಸ್ಸಿಗೆ ಊರು ಸೇರಬೇಕು? ಕೂಲಿಯವನಿಗೆ ಬಸ್ ಚಾರ್ಜೂ ಭಾರವೇ. ಪ್ರತಿ ತಾಲ್ಲೂಕಿನಲ್ಲಿ ಶಾಲೆಯದ್ದೋ ಸಮುದಾಯ ಭವನದ್ದೋ ಒಂದು ಕೋಣೆ, ವಾರಕ್ಕೆ ಒಂದೆರಡು ಸಂಜೆ ಸಾಕು. ಸಣ್ಣ ಬಾಡಿಗೆ ಇಟ್ಟೇ ಕೊಡಿ, ಪುಕ್ಕಟೆ ಪಡೆಯುವುದು ಎಎ ಗುಂಪಿನ ರೀತಿಯಲ್ಲ.

ಹೆಂಗಸರನ್ನು ಮರೆಯಬೇಡಿ. ಕುಡಿಯುವವರ ಮನೆಯವರಿಗೇ ಅಂತ ಅಲ್-ಅನಾನ್ ಅನ್ನುವ ಬೇರೆ ಗುಂಪಿದೆ, 1951ರಿಂದ ಇದೆ. ನಮ್ಮ ಹೆಣ್ಣುಮಕ್ಕಳು ಗಂಡ ಕುಡಿಯುವುದನ್ನು ಬಿಡಿಸುವುದರಲ್ಲೇ ತಮ್ಮ ಆರೋಗ್ಯ ಕಳೆದುಕೊಂಡಿದ್ದಾರೆ. ನಿದ್ದೆ ಇಲ್ಲ, ಸಾಲ ಬೇರೆ, ಎಲ್ಲದಕ್ಕೂ 'ನೀನೇ ಸರಿಯಾಗಿ ನೋಡಿಕೊಳ್ಳಲಿಲ್ಲ' ಅನ್ನುವ ಮಾತು ಬೇರೆ. ನನ್ನ ತಮ್ಮನ ಹೆಂಡತಿಗೆ ಯಾರೂ ಹಾಗೆ ಹೇಳದ ಒಂದು ಜಾಗ ಬೇಕಿತ್ತು. ಇನ್ನು ಕುಡಿಯುವ ಹೆಂಗಸರೂ ಇದ್ದಾರೆ. ಅವರು ಗಂಡಸರೇ ತುಂಬಿದ ಕೋಣೆಗೆ ಬರುವುದು ಕಷ್ಟ. ಅವರಿಗೆ ಬೇರೆ ಹೊತ್ತು, ಬೇರೆ ಕೋಣೆ ಬೇಕು. ಇದನ್ನು ಸ್ತ್ರೀಶಕ್ತಿ ಸಂಘದ ಸಭೆಗಳಲ್ಲಿ ಆಶಾ ಕಾರ್ಯಕರ್ತೆಯರು ಮೆಲ್ಲಗೆ ತಿಳಿಸಬಹುದು.

ಒಂದು ಕೈಮುಗಿದು ಕೇಳಿಕೊಳ್ಳುವುದು ಇದೆ. ಇದನ್ನು ಕಾರ್ಯಕ್ರಮ ಮಾಡಬೇಡಿ. ಅಕ್ಟೋಬರ್ 2ರಂದು ವೇದಿಕೆ ಹಾಕಿ, ಕುಡಿತ ಬಿಟ್ಟವರನ್ನು ಕರೆದು ಶಾಲು ಹೊದಿಸಿ ಫೋಟೋ ತೆಗೆಸಬೇಡಿ. ಮುಂದೆ ಅವನು ಒಂದು ಸಲ ಜಾರಿದರೆ ಊರೆಲ್ಲ ಆ ಫೋಟೋ ತೋರಿಸಿ ಆಡಿಕೊಳ್ಳುತ್ತದೆ. ಈ ಕಾಯಿಲೆಯಲ್ಲಿ ಜಾರುವುದು ಅಪರೂಪವಲ್ಲ, ಜಾರಿದವನು ವಾಪಸ್ ಬರುವ ಬಾಗಿಲು ತೆರೆದಿರಬೇಕು. ಮೀಟಿಂಗಿಗೆ ಬಂದವರ ರಿಜಿಸ್ಟರ್ ಕೇಳಬೇಡಿ, ಆಧಾರ್ ನಂಬರ್ ಕೇಳಬೇಡಿ. ಎಷ್ಟು ಜನ ಬಂದರು ಅಂತ ವರದಿ ಬೇಕು ಅನ್ನಿಸಿದರೂ ಬೇಡ. ಹೆಸರು ಬರೆಸಬೇಕು ಅಂದ ದಿನವೇ ಅರ್ಧ ಜನ ಬರುವುದು ನಿಲ್ಲಿಸುತ್ತಾರೆ.

ಪಟ್ಟಿ ಮಾಡುವ ಕೆಲಸಕ್ಕೆ ಜನ ಇಲ್ಲ ಅಂದರೆ ನಾವಿದ್ದೇವೆ. ನನ್ನ ಹಾಗೆ ಅಲೆದಾಡಿದ ಮನೆಯವರು ಕೆಲವರು ಈ ಕೆಲಸಕ್ಕೆ ಒಪ್ಪಿದ್ದಾರೆ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಒಂದು ಮೇಜು, ಒಂದು ಫೋನ್ ಕೊಡಿ. ಮೂರು ತಿಂಗಳಿಗೊಮ್ಮೆ ಬಂದು ಕೂತು ಫೋನ್ ಮಾಡಿ ವಿವರ ಸರಿ ಮಾಡಿಕೊಡುತ್ತೇವೆ. ಸಂಬಳ ಬೇಡ. ಈ ಸಲದ ಕಬ್ಬಿನ ಬಿಲ್ ರೈತರ ಕೈಗೆ, ಕೂಲಿಯವರ ಕೈಗೆ ಬರುವ ಮೊದಲು ಮೊದಲ ಬೋರ್ಡ್ ಬೀಳಲಿ. ಮದ್ದೂರು ತಾಲ್ಲೂಕಿನಿಂದ ಶುರು ಮಾಡುವುದಾದರೆ ನಾಳೆಯೇ ಬರುತ್ತೇನೆ.

ಇಂತಿ,
ಮದ್ದೂರು ತಾಲ್ಲೂಕಿನ ಒಬ್ಬ ಅಕ್ಕ